ಎಂ.ಎಸ್.–ಎಸ್.ಎಸ್. ಬೆಸುಗೆ ಎಷ್ಟು ಸುತ್ತು ತಾಳುತ್ತದೆ: ಮೂರನೇ ವಾರ

ಈ ವಾರ ಐದು ಸರಳು ಮುರಿದವು. ಖುಷಿಯಾಗಿದೆ, ಯಾಕಂದ್ರೆ ಮುರಿದ ಜಾಗ ಉತ್ತರ ಹೇಳುತ್ತಿದೆ.

ಹೊಸಬರಿಗೆ ಹಿನ್ನೆಲೆ: ಬೈಕಿಗೆ ನಾನೇ ಮಾಡಿದ 304 ದರ್ಜೆಯ ಸ್ಟೇನ್‌ಲೆಸ್ ಸೈಲೆನ್ಸರ್‌ನಿಂದ ಎಂ.ಎಸ್. (ಮೈಲ್ಡ್ ಸ್ಟೀಲ್, ಮಾಮೂಲಿ ಉಕ್ಕು) ಬ್ರಾಕೆಟ್ ಎರಡು ಸಲ ಕಿತ್ತು ಬಂತು. ಭಾರಕ್ಕಲ್ಲ, ನಡುಗಿ ನಡುಗಿ.

ಪರೀಕ್ಷೆಗೆ 10 ಮಿ.ಮೀ. ಸರಳು. ಅರ್ಧ ಎಂ.ಎಸ್., ಅರ್ಧ ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್), ನಡುವೆ ಟಿಗ್ (ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಕಿಡಿಯಿಂದ ಕರಗಿಸುವ) ಬೆಸುಗೆ. ಒಂದು ತುದಿ ಅದನ್ನು ಕಚ್ಚಿ ಹಿಡಿಯುವ ಮೋಟಾರಿನ ಚಕ್‌ನಲ್ಲಿ. ಇನ್ನೊಂದು ತುದಿಯ ಬೇರಿಂಗ್‌ಗೆ, ಬೆಸುಗೆಯಿಂದ 100 ಮಿ.ಮೀ. ದೂರದಲ್ಲಿ, 15 ಕೆ.ಜಿ. ತೂಕ ನೇತು ಹಾಕಿದ್ದೇನೆ. ಅಲ್ಲಿಗೆ ಬೆಸುಗೆಯ ಹತ್ತಿರ ಸರಳಿನ ಮೈಮೇಲೆ ಸುಮಾರು 150 ಮೆಗಾಪಾಸ್ಕಲ್, ಅಂದರೆ ಚದರ ಮಿ.ಮೀ.ಗೆ 150 ನ್ಯೂಟನ್ ಬಲ. ಪ್ರತಿ ಸುತ್ತಿಗೂ ಒಮ್ಮೆ ಎಳೆತ, ಒಮ್ಮೆ ಒತ್ತಡ. ನಿಮಿಷಕ್ಕೆ 1440 ಸುತ್ತು. ರೈಲಿನ ಅಚ್ಚುಗಳು ಯಾಕೆ ಮುರಿಯುತ್ತವೆ ಎಂದು 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೊಲರ್ ಹುಡುಕಿದ್ದೂ ಹೀಗೇ, ಲೋಹವನ್ನು ಮತ್ತೆ ಮತ್ತೆ ಬಾಗಿಸಿ.

ಸರಳನ್ನು ನೆಟ್ಟಗೆ ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಯಿತು. ಬಿಸಿಗೆ 304 ಎಂ.ಎಸ್.ಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಶಾಖವನ್ನು ಬೇಗ ಬಿಟ್ಟುಕೊಡುವುದೂ ಇಲ್ಲ. ಒಂದೇ ಕಡೆಯಿಂದ ಸುತ್ತಿ ಬಂದರೆ ಸೊಟ್ಟಗಾಗುತ್ತದೆ. ಈಗ ನಾಲ್ಕು ಕಡೆ ಟ್ಯಾಕ್ (ಚುಕ್ಕಿಯಂಥ ಸಣ್ಣ ಬೆಸುಗೆ) ಹಾಕಿ, ಎದುರುಬದುರು ತುಂಬುತ್ತಿದ್ದೇನೆ.

ಫಿಲ್ಲರ್, ಅಂದರೆ ಬೆಸುಗೆಗೆ ಕರಗಿಸಿ ತುಂಬುವ ಕಡ್ಡಿ, 309ಎಲ್. ಎಂ.ಎಸ್. ಕರಗಿ ಬೆರೆತರೆ ಬೆಸುಗೆಯಲ್ಲಿ ಕ್ರೋಮಿಯಂ, ನಿಕಲ್ ತೆಳುವಾಗುತ್ತವೆ. 308 ಫಿಲ್ಲರ್ ಹಾಕಿದರೆ ಗಡುಸಾದ, ಪೆಡಸು ಲೋಹ ಉಳಿಯುವ ಭಯ. 309ರಲ್ಲಿ ಎರಡೂ ಜಾಸ್ತಿ ಇರುವುದರಿಂದ ಬೆರಕೆಯನ್ನು ತಾಳಿಕೊಳ್ಳುತ್ತದೆ. ನನ್ನ ತಲೆಯೆಲ್ಲ ಈ ಫಿಲ್ಲರ್ ಮೇಲೇ ಇತ್ತು.

ಬೆಸುಗೆಯನ್ನು ಹಾಗೇ ಬಿಟ್ಟ ಮೂರು ಸರಳು 48,000, 61,000, 74,000 ಸುತ್ತಿಗೆ ಹೋದವು. ಮೂರೂ ಒಂದೇ ಜಾಗದಲ್ಲಿ: ಎಂ.ಎಸ್. ಕಡೆ, ಬೆಸುಗೆಯ ಉಬ್ಬು ಸರಳಿಗೆ ಸೇರುವ ಅಂಚಿನಲ್ಲಿ. ಬಿರುಕಿಗೆ ಇಳಿದು ಅದನ್ನು ತೋರಿಸುವ ಕೆಂಪು ಡೈ (ಬಣ್ಣ) ಹಾಕಿ ನೋಡಿದೆ, ಬೆಸುಗೆಯ ಮೈಮೇಲೆ ಒಂದು ಗೆರೆಯೂ ಇಲ್ಲ. ಹಾಗಾದರೆ ಫಿಲ್ಲರ್ ತನ್ನ ಕೆಲಸ ಮಾಡಿದೆ, ಅಲ್ವಾ? ತೊಂದರೆ ಆಕಾರದ್ದು. ಆ ಮೂಲೆಯಲ್ಲಿ ಬಲವೆಲ್ಲ ಒಟ್ಟುಗೂಡುತ್ತದೆ.

ಲೇತ್ ಅಂಗಡಿಯ ಅಣ್ಣ ಸರಳು ತಿರುಗಿಸಿ ನೋಡಿ, "ಅಂಚು ಸವರಿ ಹಾಕೋ" ಅಂದರು. ಲೋಹ ಕೆರೆಯುವ ಸಣ್ಣ ಬರ್ ಬಿಟ್‌ನಿಂದ ಎರಡೂ ಕಡೆ ಅಂಚನ್ನು ಅರ್ಧ ಮಿ.ಮೀ.ನಷ್ಟು ತೆಗೆದು ನುಣುಪು ಮಾಡಿದೆ. ಗೀರುಗಳು ಸರಳಿನ ಉದ್ದಕ್ಕೇ ಇರಬೇಕು. ಅಡ್ಡ ಗೀರು ಬಿಟ್ಟರೆ ಬಿರುಕಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಅದೇ ಫಿಲ್ಲರ್, ಅದೇ ತೂಕ. ಒಂದು 1,90,000ಕ್ಕೆ ಮುರಿಯಿತು, ಇನ್ನೊಂದು 2,30,000ಕ್ಕೆ. ಎರಡು ಸರಳು ನೋಡಿ ತೀರ್ಮಾನ ಹೇಳಲಾರೆ. ಇದನ್ನು ಬರೆಯುವಾಗ ಮೂರನೆಯದು 1,52,000 ದಾಟಿ ತಿರುಗುತ್ತಿದೆ.