ಅಜ್ಜಿಯ ಟ್ರಂಕು

ಸೋಮವಾರಪೇಟೆಯ ಮನೆಯಲ್ಲಿ ಒಂದು ಕಪ್ಪು ಟ್ರಂಕು ಇದೆ. ಮೇಲೆ ಬಿಳಿ ಬಣ್ಣದಲ್ಲಿ ಅಜ್ಜನ ಹೆಸರು, ಆರ್ಮಿ ನಂಬರು. ಇವತ್ತು ಅಜ್ಜಿ ಅದನ್ನು ತೆಗೆದರು. ನುಸಿಗುಳಿಗೆ ವಾಸನೆ, ಅಡಿಯಲ್ಲಿ ಕಾಗದಗಳ ಕಟ್ಟು. ಎಲ್ಲದರ ಮೇಲೂ ಆರ್ಮಿ ಪೋಸ್ಟ್ ಆಫೀಸಿನ ವಿಳಾಸ, 56 ಎಪಿಒ ಅಂತ ಅಷ್ಟೇ. ಗಂಡ ಯಾವ ಊರಲ್ಲಿದ್ದಾನೆ ಅಂತ ಹೆಂಡತಿಗೂ ಗೊತ್ತಾಗಬಾರದು, ನೋಡಿ!

1971ರ ಯುದ್ಧ ನಡೆದದ್ದು 13 ದಿನ ಅಂದೆ. "ನಿಂಗೆ 13. ನಂಗೆ ಜನವರಿ ತನಕ" ಅಂದರು. ಅಜ್ಜನ ಕಾಗದ ಬಂದದ್ದೇ ಆಗ. ಅಲ್ಲಿವರೆಗೂ ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಕೇಳಿದರೆ ಸಾಕು, ತಂತಿ ಇರಬಹುದು ಅಂತ ಹೆದರಿ ಹಿತ್ತಲಿಗೆ ಹೋಗಿಬಿಡುತ್ತಿದ್ದರಂತೆ. ಅಲ್ಲಿ ಸುಮ್ನೆ ಪಾತ್ರೆ ತಿಕ್ಕುವುದು.

ಇನ್ನೂ ಕೇಳಬೇಕಿತ್ತು. ಅಷ್ಟರಲ್ಲಿ ಮರಿಮಗಳ ಹಾಲು ಆರಿಹೋಗುತ್ತೆ ಅಂತ ಎದ್ದೇಬಿಟ್ಟರು.