ರಾಟೆಯ ಹಟ

ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ 1984ರಲ್ಲೇ ನಾನು ಅಲ್ಲಿನ ಕಾಲೇಜಿಗೆ ಪ್ರೀಡಿಗ್ರಿಗೆ, ಅಂದರೆ ಹತ್ತರ ನಂತರದ ಎರಡು ವರ್ಷದ ಓದಿಗೆ, ಸೇರಿದೆ. ಹತ್ತರವರೆಗೆ ಓದಿದ್ದು ಬದಿಯಡ್ಕದ ಕಡೆಯ ಕನ್ನಡ ಶಾಲೆಯಲ್ಲಿ. ಕಾಲೇಜಿನಲ್ಲಿ ಪುಸ್ತಕ ಇಂಗ್ಲಿಷಿನದು, ಪಕ್ಕದ ಬೆಂಚಿನ ಮಾತು ಮಲಯಾಳದ್ದು. ಚೆರ್ಕಳದ ದಾರಿಯಾಗಿ ಬರುವ ಬಸ್ಸಿನಲ್ಲಿ ಸೂತ್ರಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಆದರೂ ಲೆಕ್ಕ ಬಿಡಿಸಲು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಭೌತಶಾಸ್ತ್ರದ ಸರ್ ನನ್ನ ಪುಸ್ತಕ ಮುಚ್ಚಿಸಿ ಕೇಳಿದರು: “ನಿಮ್ಮ ಬಾವಿಯಲ್ಲಿ ಹಗ್ಗ ಕೈತಪ್ಪಿತು ಎಂದಿಟ್ಟುಕೋ. ಏನು ಇಳಿಯುತ್ತದೆ, ಏನು ತಿರುಗುತ್ತದೆ? ಕನ್ನಡದಲ್ಲೇ ಹೇಳು.”

ಕೊಡ ಇಳಿಯುತ್ತದೆ, ರಾಟೆ ತಿರುಗುತ್ತದೆ. ಮುರಕಲ್ಲಿನ ನಮ್ಮ ಬಾವಿಕಟ್ಟೆಯಲ್ಲಿ ದಿನವೂ ಕಾಣುತ್ತಿದ್ದದ್ದು ಅದೇ. ಅವರು ಕೊಡಕ್ಕೆ 4 ಕಿಲೋ, ಗಟ್ಟಿ ತಟ್ಟೆಯಂಥ ರಾಟೆಗೆ 2 ಕಿಲೋ ಕೊಟ್ಟರು. ಹಗ್ಗ ರಾಟೆಗೆ ಸುತ್ತಿದೆ, ಜಾರುವುದಿಲ್ಲ. ಗುರುತ್ವದ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಏರುವ ಪ್ರಮಾಣ, 10. ಹಗ್ಗದ ಸೆಳೆತವೆಂದರೆ ಕೊಡದ ಭಾರವೇ ಎಂದುಕೊಂಡು ನಾನು 40 ನ್ಯೂಟನ್ ಬರೆದೆ. ಗಟ್ಟಿ ತಟ್ಟೆ ತಿರುಗುವಾಗ ಅಂಚಿನ ಲೆಕ್ಕಕ್ಕೆ ಅದರ ಅರ್ಧ, ಅಂದರೆ 1 ಕಿಲೋ ಮಾತ್ರ ಬರುತ್ತದೆ; ಆಗ ರಾಟೆಯ ಅಂಚಿನ ವೇಗೋತ್ಕರ್ಷವೂ 40 ಆಯಿತು. “ಸುಮ್ಮನೆ ಬೀಳುವ ಕಲ್ಲಿಗಿಂತ ನಾಲ್ಕು ಪಟ್ಟು ವೇಗೋತ್ಕರ್ಷ ಈ ಹಗ್ಗಕ್ಕೆ ಎಲ್ಲಿಂದ ಬಂತು?” ಎಂದು ಅವರು ಮೆಲ್ಲಗೆ ಕೇಳಿದರು.

ಕೊಡಕ್ಕೆ ಒಂದು ಸಮೀಕರಣ, ರಾಟೆಗೆ ಇನ್ನೊಂದು. ಎರಡನ್ನೂ ಕಟ್ಟುವುದು ಹಗ್ಗ. ಹಾಗೆ ಬರೆದಾಗ ನಲವತ್ತನ್ನು ಐದರಿಂದ (ಕೊಡದ 4, ರಾಟೆಯ 1) ಭಾಗಿಸಿ ವೇಗೋತ್ಕರ್ಷ 8, ಸೆಳೆತವೂ ಬರೀ 8 ನ್ಯೂಟನ್. ಮೊಮೆಂಟ್ ಆಫ್ ಇನರ್ಷಿಯ ಎಂಬ ಮಾತು ನನಗೆ ತಿಳಿದದ್ದು ಅಂದೇ: ತಿರುಗಲು ಒಪ್ಪದ ರಾಟೆಯ ಹಟ ಅದು. ಆ ಸಂಜೆ ಮನೆಗೆ ಹೋದವನೇ ಬಾವಿಯ ಬಳಿ ನಿಂತು ಬರೀ ರಾಟೆಯನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದೆ. ಅಂಥ ಸಂತೋಷ ಓದಿನಲ್ಲಿ ನನಗೆ ಅದಕ್ಕಿಂತ ಮೊದಲು ಸಿಕ್ಕಿರಲಿಲ್ಲ.

ವಿದ್ಯುತ್ ವಿಭವದ (ವೋಲ್ಟಿನಲ್ಲಿ ಅಳೆಯುವ ಪೊಟೆನ್ಷಿಯಲ್) ಪಾಠವನ್ನೂ ಅವರು ಹೀಗೆಯೇ ಬಿಡಿಸಿದರು. 20 ಸೆಂಟಿಮೀಟರ್ ಅಂತರದಲ್ಲಿ ಒಂದು ನ್ಯಾನೊಕೂಲಂಬ್ ಧನ ವಿದ್ಯುದಾವೇಶ (ಚಾರ್ಜ್), ಅಷ್ಟೇ ಋಣ. ನಡುವಿನ ಬಿಂದುವಿನಲ್ಲಿ ಒಂದರಿಂದ 90 ವೋಲ್ಟ್, ಇನ್ನೊಂದರಿಂದ ಋಣ 90, ಕೂಡಿದರೆ ಸೊನ್ನೆ. ಹಾಗಾದರೆ ಅಲ್ಲಿ ಆವೇಶವನ್ನು ತಳ್ಳುವ ವಿದ್ಯುತ್ ಕ್ಷೇತ್ರವೂ ಇಲ್ಲ ಎಂದು ಬಹಳ ಮಂದಿ ಬರೆದಿದ್ದೆವು. ವಿಭವಕ್ಕೆ ದಿಕ್ಕಿಲ್ಲ, ಚಿಹ್ನೆ ನೋಡಿ ಕೂಡಿದರೆ ಸಾಕು; ಕ್ಷೇತ್ರಕ್ಕೆ ದಿಕ್ಕಿದೆ, ಅಲ್ಲಿ ಎರಡೂ ಒಂದೇ ಕಡೆಗೆ ತಳ್ಳುತ್ತವೆ. ಮೀಟರಿಗೆ 1800 ವೋಲ್ಟ್! ಸೊನ್ನೆ ಕಂಡ ಕೂಡಲೇ ಪೆನ್ನು ಕೆಳಗಿಡುವ ಅಭ್ಯಾಸ ಅಂದಿಗೆ ಬಿಟ್ಟುಹೋಯಿತು.

ಕೊನೆಯ ತರಗತಿಯ ದಿನ ಅವರು ಮತ್ತೆ ಬಾವಿಗೆ ಮರಳಿದರು. ಅದೇ 2 ಕಿಲೋ ಭಾರವೆಲ್ಲ ಬಳೆಯಂತೆ ರಾಟೆಯ ಅಂಚಿನಲ್ಲೇ ಇದ್ದರೆ? ಉತ್ತರ ಹೇಳದೆ ಹೊರಟರು. ಬಸ್ಸು ಚೆರ್ಕಳ ತಲುಪುವ ಮೊದಲೇ ಲೆಕ್ಕ ಮುಗಿಸಿದ್ದೆ. ಆದರೆ ಅದನ್ನು ಅವರಿಗೆ ತೋರಿಸುವ ಅವಕಾಶ ಒದಗಲೇ ಇಲ್ಲ. ಇಲ್ಲಿ ಬರೆಯುತ್ತಿದ್ದೇನೆ: ಅಂಚಿನ 2 ಕಿಲೋ ಪೂರ್ತಿ ಲೆಕ್ಕಕ್ಕೆ ಬರುತ್ತದೆ, ನಲವತ್ತನ್ನು ಆರರಿಂದ ಭಾಗಿಸಬೇಕು, 6.67 ಬರುತ್ತದೆ, ಸರ್.