ಜಾರಿದ ಭರಣಿ

ಇವತ್ತು ಬೆಳಿಗ್ಗೆ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯ ಭರಣಿ ಕೈಜಾರಿ ಬಿತ್ತು.

ಶಿರಸಿ ಮಳೆಗೆ ಬೆರಳಿನ ಗಂಟೆಲ್ಲ ಬಿಗಿದುಕೊಂಡಿರುತ್ತದೆ, ಸಂಧಿವಾತ ಇದ್ದವರಿಗೆ ಗೊತ್ತು, ಎದ್ದು ಒಂದು ತಾಸು ಕೈ ನಮ್ಮದಲ್ಲ. ಗೊತ್ತಿದ್ದೂ ಒಂದೇ ಕೈಯಲ್ಲಿ ಎತ್ತಲು ಹೋದೆ ನೋಡಿ. ಸೊನೆಯ ಪರಿಮಳ ಜಗಲಿವರೆಗೂ ಹೋಗಿ ಇವರು "ತೆಳ್ಳೇವು ಆಯ್ತಾ?" ಅಂತ ತೆಳು ದೋಸೆಯ ಆಸೆಗೆ ಒಳಗೆ ಬಂದರು! ನಗಬೇಕೋ ಅಳಬೇಕೋ. ಪಿಂಗಾಣಿ ಚೂರಿನ ಹೆದರಿಕೆಗೆ ಒಂದು ಮಿಡಿಯನ್ನೂ ಎತ್ತಿಕೊಳ್ಳಲಿಲ್ಲ.

ಇನ್ನೊಂದು ಭರಣಿಯದ್ದನ್ನು ಈಗ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದೇನೆ. ತೆಗೆಯುವಾಗ ಹಿಡಿತ ಸಿಗುತ್ತದೆ. ಅತ್ತೆ ಇದ್ದಿದ್ದರೆ, ಉಪ್ಪಿನಕಾಯಿಗೆ ಪ್ಲಾಸ್ಟಿಕ್ಕಾ ಅಂತ ಬೈಯುತ್ತಿದ್ದರು. ಆದರೆ ಅವರ ಬೆರಳೂ ಸೊಟ್ಟಗಾಗಿತ್ತಲ್ವಾ, ಕೊನೆಕೊನೆಗೆ ಭರಣಿ ಇಳಿಸಲು ನನ್ನನ್ನೇ ಕರೆಯುತ್ತಿದ್ದರು. ಸುಮ್ನೆ ಕೆಲಸ ಹೇಳುತ್ತಾರೆ ಅಂದುಕೊಂಡಿದ್ದೆ ಆಗ.